ಬೀಳುವ ಶಾಸ್ತ್ರ

ನಮ್ಮೂರಿಗೆ ಹೊಸದಾಗಿ ಬಂದವರಿಗೆ ಮೊದಲು ಬೀಳುವುದನ್ನು ಕಲಿಸುತ್ತೇವೆ, ಕಾಫಿ ಆಮೇಲೆ. ಇದು ತಮಾಷೆಯಲ್ಲ, ಮರ್ಯಾದೆ. ದಿನಾ ಬೆಳಗಿನ ಜಾವ ನಮ್ಮೂರಿನ ನೆಲ ಯಾವುದಾದರೂ ಒಂದು ಕಡೆಗೆ ವಾಲುತ್ತದೆ. ನೆನ್ನೆ ತೆಂಕಲಿಗೆ ವಾಲಿದ್ದರೆ ಇವತ್ತು ಮೂಡಲಿಗೆ, ನಾಳೆ ಯಾವ ಕಡೆಗೋ ಬಲ್ಲವರಿಲ್ಲ. ಬಹಳವೇನೂ ಅಲ್ಲ, ನೆಲದ ಮೇಲಿಟ್ಟ ನಿಂಬೆಹಣ್ಣು ತಾನಾಗಿ ಉರುಳಿ ಗೋಡೆ ಸೇರುವಷ್ಟು. ಹಾಗಾಗಿ ಇಲ್ಲಿ ಬೆಳಗ್ಗೆ ಎದುರಾದವರು "ತಿಂಡಿ ಆಯ್ತಾ" ಅನ್ನುವುದಿಲ್ಲ, "ಇವತ್ತು ಯಾವ ಕಡೆ" ಅನ್ನುತ್ತಾರೆ. ಮಂಚದ ಕಾಲಿಗೆ, ಒಲೆಯ ಬುಡಕ್ಕೆ, ಮೇಷ್ಟ್ರ ಕುರ್ಚಿಗೆ ಒಂದೊಂದು ಮರದ ಬೆಣೆ ಕೊಟ್ಟುಕೊಂಡು ದಿನ ಶುರುಮಾಡುತ್ತಾರೆ. ದೋಸೆ ಹೆಂಚಿಗೆ ಬೆಣೆ ಕೊಡುವ ಪುರುಸೊತ್ತು ಮಾತ್ರ ಯಾರಿಗೂ ಇಲ್ಲ. ನಮ್ಮೂರ ದೋಸೆ ಒಂದು ಅಂಚಿನಲ್ಲಿ ಕಾಗದ, ಇನ್ನೊಂದು ಅಂಚಿನಲ್ಲಿ ಇಡ್ಲಿ. ಮಕ್ಕಳು ಇಡ್ಲಿ ಅಂಚಿಗಾಗಿ ಕಿತ್ತಾಡುತ್ತಾರೆ.

ಇಂಥ ಊರಲ್ಲಿ ಬೀಳದೆ ಬಾಳುವುದು ಆಗದ ಮಾತು. ಜಟ್ಟಿ ಜಾರಿಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಗಾದೆ ನಮ್ಮಲ್ಲಿ ಚಲಾವಣೆಯಲ್ಲಿಲ್ಲ. ಇಲ್ಲಿ ಎಲ್ಲರ ಮೀಸೆಯೂ ಮಣ್ಣೇ. ಮಗುವಿಗೆ ಐದು ತುಂಬಿದ ವರ್ಷ ಅದರ ಸೋದರಮಾವ ಬೀದಿಗೆ ಕರೆತಂದು, ವಾಲಿಗೆ, ಅಂದರೆ ನೆಲ ಇಳಿದ ಕಡೆಗೆ, ಮುಖ ಮಾಡಿ ನಿಲ್ಲಿಸಿ, ಕೈ ಬಿಡುತ್ತಾನೆ. ಮಗು ಬೀಳುತ್ತದೆ. ಬಿದ್ದ ಮಗುವನ್ನು ಯಾರೂ ಮುಟ್ಟುವ ಹಾಗಿಲ್ಲ. ತನ್ನನ್ನು ಎಬ್ಬಿಸಿ ಎಂದು ಅದೇ ಕೇಳಬೇಕು, ಯಾರನ್ನು ಕೇಳುತ್ತದೋ ಅವರೇ ಎಬ್ಬಿಸಬೇಕು. ದೊಡ್ಡವರಿಗೂ ಇದೇ ನೇಮ. ಕೇಳದೆ ಕೈಕೊಟ್ಟು ಎತ್ತುವುದು ನಮ್ಮಲ್ಲಿ ಕೆನ್ನೆಗೆ ಹೊಡೆದದ್ದಕ್ಕಿಂತ ದೊಡ್ಡ ಅವಮಾನ. ಎದ್ದ ಮಗುವಿನ ಬಾಯಿಗೆ ಬೆಲ್ಲ ಹಾಕುತ್ತಾರೆ. ಇದನ್ನೇ ಬೀಳುವ ಶಾಸ್ತ್ರ ಅನ್ನುವುದು. ಶಾಸ್ತ್ರ ಆದ ಮಗುವನ್ನಷ್ಟೇ ಶಾಲೆಗೆ ಸೇರಿಸಿಕೊಳ್ಳುತ್ತಾರೆ. ಶಾಲೆಯ ನೆಲವೂ ವಾಲುತ್ತದಲ್ಲ, ಬೀಳಲು ಬಾರದ ಮಗುವನ್ನು ಮೇಷ್ಟ್ರು ಎಲ್ಲಿ ಅಂತ ಕಾಯುತ್ತಾರೆ?

ನನ್ನ ಹೆಸರು ನೀಲಾಂಬಿಕೆ. ಊರಿನವರಿಗೆ ನೀಲಕ್ಕ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಕೇಂದ್ರದಲ್ಲಿ ಫಿಸಿಯೋಥೆರಪಿಸ್ಟು. ಹುಟ್ಟುವಾಗಲೋ ಹುಟ್ಟಿದ ಹೊಸದರಲ್ಲೋ ಮಿದುಳಿಗೆ ಪೆಟ್ಟಾಗಿ, ಕೈಕಾಲು ಹೇಳಿದ ಮಾತು ಕೇಳದ ಮಕ್ಕಳು ನಮ್ಮಲ್ಲಿಗೆ ಬರುತ್ತಾರೆ. ನನ್ನ ಜೊತೆ ಮಾತು ಕಲಿಸುವ ಷಹನಾಜ್ ಇದ್ದಾಳೆ, ಕಾಲನ್ನು ನೆಟ್ಟಗಿಡುವ ಸ್ಪ್ಲಿಂಟು ಮಾಡುವ ಫ್ರಾನ್ಸಿಸ್ ಇದ್ದಾನೆ. ನಾವು ಮೂವರೂ ಊರವರನ್ನು ಕಾಡಿ ಬೇಡಿ ಕಟ್ಟಿಸಿದ್ದು ಮಟ್ಟದ ಕೋಣೆ. ಅದರ ನೆಲವನ್ನು ನಾಲ್ಕು ಕಂಬಗಳಿಂದ ಸರಪಳಿಯಲ್ಲಿ ತೂಗುಮಣೆಯ ಹಾಗೆ ಇಳಿಬಿಟ್ಟಿದ್ದೇವೆ. ಊರು ಯಾವ ಕಡೆಗಾದರೂ ವಾಲಲಿ, ಆ ನೆಲ ಮಾತ್ರ ಮಟ್ಟ. ನಮ್ಮ ಮಕ್ಕಳು ಅಲ್ಲಿ ಕೂರುತ್ತಾರೆ, ನಿಲ್ಲುತ್ತಾರೆ, ಕೆಲವರು ವಾಕರ್ ಹಿಡಿದು ನಡೆಯುತ್ತಾರೆ. ಊರಿಗೆ ಬಂದ ನೆಂಟರನ್ನು ದೇವಸ್ಥಾನಕ್ಕೆ ಕರೆದೊಯ್ಯುವ ಮುಂಚೆ ಜನ ನನ್ನ ಕೋಣೆ ತೋರಿಸಲು ಕರೆತರುತ್ತಾರೆ. ಹೆಮ್ಮೆ ನನಗಿದೆ, ಇಲ್ಲ ಅನ್ನುವುದಿಲ್ಲ.

ನಮ್ಮ ಕೇಂದ್ರದ ಮಕ್ಕಳಿಗೆ ಬೀಳುವ ಶಾಸ್ತ್ರ ಮಾಡುವ ರೂಢಿಯಿಲ್ಲ. "ಪಾಪ, ಅವಕ್ಕೆ ಯಾಕೆ" ಎಂದು ಹಿರಿಯರು ಯಾವತ್ತೋ ಬಿಟ್ಟುಬಿಟ್ಟಿದ್ದಾರೆ. ನಾನೂ ಅದನ್ನು ಉಪಕಾರ ಎಂದೇ ತಿಳಿದಿದ್ದೆ. ಮಗು ಬೀಳುವ ಮೊದಲೇ ಅದರ ಕಂಕುಳಿಗೆ ಕೈ ಹಾಕುವುದು ನನ್ನ ಕಸುಬು. ಅದರಲ್ಲಿ ನನ್ನನ್ನು ಮೀರಿಸಿದವರಿಲ್ಲ.

ವರ್ಷಕ್ಕೊಂದು ಸಲ ನಮಗೆ ಟ್ರೈನಿಂಗ್. ಈ ಮಕ್ಕಳಿಗೆ ಚಿಕಿತ್ಸೆ ಕೊಡುವವರು ಹೊಸದನ್ನು ಕಲಿಯುತ್ತಿರಬೇಕು, ಇಲ್ಲದಿದ್ದರೆ ಕೈ ತುಕ್ಕು ಹಿಡಿಯುತ್ತದೆ ಎಂದು ಮೇಲಿನವರ ಆಜ್ಞೆ. ಹೊರಗಿನಿಂದ ಯಾರೋ ಒಬ್ಬರು ಬರುತ್ತಾರೆ, ಬಿದ್ದು ಮೈಕೈ ನೋಯಿಸಿಕೊಳ್ಳುತ್ತಾರೆ, ಆಮೇಲೆ ಮಟ್ಟದ ಕೋಣೆ ಬಿಟ್ಟು ಕದಲುವುದಿಲ್ಲ. ಅಲ್ಲೇ ಗೋಡೆಯ ಮೇಲೆ ಚಿತ್ರ ತೋರಿಸಿ, ಅಲ್ಲೇ ಉಂಡು, "ವಂಡರ್‌ಫುಲ್ ರೂಮ್" ಎಂದು ಹೇಳಿ ಹೋಗುತ್ತಾರೆ. ಈ ವರ್ಷ ಬಂದವರು ಡಾಕ್ಟರ್ ಮಂದಾಕಿನಿ. ಐವತ್ತು ದಾಟಿದ, ದಪ್ಪ ಕನ್ನಡಕದ, ಗಟ್ಟಿ ದನಿಯ ಹೆಂಗಸು. ಬಸ್ಸಿಳಿದ ಕೂಡಲೇ ಮುಗ್ಗರಿಸಿದರು. ಮೂರು ಹೆಜ್ಜೆ ಹೋಗಿ ಮತ್ತೆ ಮುಗ್ಗರಿಸಿದರು. ನಾವು ನೇಮದಂತೆ ಸುತ್ತ ನಿಂತು ನೋಡುತ್ತಿದ್ದೆವು. "ಏನ್ರೀ, ಕೈ ಕೊಡೋದಿಲ್ವಾ?" ಎಂದು ಕೆಳಗಿನಿಂದಲೇ ಕೇಳಿದರು. "ನೀವು ಕೇಳಲಿಲ್ವಲ್ಲ ಮೇಡಂ" ಎಂದ ಫ್ರಾನ್ಸಿಸ್. "ಕೇಳ್ದೆ ಈಗ" ಎಂದರು. ಎಬ್ಬಿಸಿದೆವು.

ಮಟ್ಟದ ಕೋಣೆಯಲ್ಲಿ ಚಾಪೆ ಹಾಸಿ ಅವರಿಗೆ ಬೀಳುವ ಪಾಠ ಶುರುವಾಯಿತು. ಮಂಡಿ ಮಡಚಬೇಕು, ಗದ್ದ ಎದೆಗೆ ಒತ್ತಬೇಕು, ಮೈಯನ್ನು ವಾಲಿನ ಕಡೆಗೇ ಸುರುಳಿ ಬಿಡಬೇಕು, ನೆಲದ ಜೊತೆ ಜಗಳಕ್ಕೆ ನಿಲ್ಲಬಾರದು. ಮೇಡಂ ಚೀಲ ಬಿಸಾಡಿದ ಹಾಗೆ ಬೀಳುತ್ತಿದ್ದರು. ಷಹನಾಜ್ ನಗು ತಡೆಯಲಾರದೆ ಗೋಡೆಗೆ ಮುಖ ಮಾಡಿದ್ದಳು. ಆ ಹೊತ್ತಿಗೆ ಮೂಲೆಯಲ್ಲಿ ಕುರ್ಚಿಗೆ ಪಟ್ಟಿ ಕಟ್ಟಿ ಕೂರಿಸಿದ್ದ ಚೆಲುವಿ ಬಾಯಿ ತೆರೆದಳು.

ಚೆಲುವಿಗೆ ಒಂಬತ್ತು ವರ್ಷ. ಕೈಕಾಲು ನಾಲ್ಕೂ ಬಿಗಿ. ಹೆದರಿದರಂತೂ ಮೈಯೆಲ್ಲ ಒನಕೆಯಾಗುತ್ತದೆ. ಬುದ್ಧಿ ಚುರುಕು, ಮಾತು ನಿಧಾನ. ಒಂದು ಪದ ನಾಲಿಗೆಯ ತುದಿಗೆ ಬರುವಷ್ಟರಲ್ಲಿ ಎದುರಿದ್ದವರು ಎರಡು ಪದ ಊಹಿಸಿ ಹೇಳಿ ಕೆಡಿಸಿಬಿಡುತ್ತಾರೆ. ಕೈಕೂಸಾಗಿದ್ದಾಗಿನಿಂದ ನನ್ನ ಕೈಯಲ್ಲೇ ಬೆಳೆದವಳು. ಮಟ್ಟದ ಕೋಣೆಯಲ್ಲಿ ವಾಕರ್ ಹಿಡಿದು ಈ ಗೋಡೆಯಿಂದ ಆ ಗೋಡೆಗೆ ಹೋಗುತ್ತಾಳೆ.

"ನಂ... ಗೂ" ಎಂದಳು ಚೆಲುವಿ.

"ನೀರು ಬೇಕಾ?" ಎಂದೆ. ಇಲ್ಲ ಎಂದು ತಲೆ ಆಡಿಸಿದಳು. "ಆಚೆ ಹೋಗ್ಬೇಕಾ?" ಅದಕ್ಕೂ ಇಲ್ಲ. ಚಾಪೆಯ ಮೇಲೆ ಅಂಗಾತ ಬಿದ್ದಿದ್ದ ಮೇಡಂ ಕನ್ನಡಕ ಹುಡುಕಿ ಹಾಕಿಕೊಂಡು, "ತಡೀರಿ, ಅವಳೇ ಹೇಳ್ಲಿ" ಎಂದರು. ಕಾದೆವು. "ಬೀ... ಳೋದು" ಎಂದಳು ಚೆಲುವಿ. "ಕ... ಲ್ಸು."

ನಾನು ನಕ್ಕುಬಿಟ್ಟೆ. "ನಿಂಗ್ಯಾಕೆ ತಾಯಿ ಅದೆಲ್ಲ" ಎಂದು ಅವಳ ಕೆನ್ನೆ ತಟ್ಟಿದೆ. ಮೇಡಂ ನಗಲಿಲ್ಲ. ಯಾಕೆ ಬೇಕು ಎಂದು ಅವಳನ್ನೇ ಕೇಳಿದರು. ಬಂದ ಉತ್ತರ ಎರಡು ಪದ, ಅದಕ್ಕೆ ಹಿಡಿದ ಹೊತ್ತಲ್ಲಿ ಕಾಫಿ ಆರಿತು. "ಸ್ಕೂಲು. ಪದ್ದಿ."

ಪದ್ದಿ ಅವಳ ಸೋದರಮಾವ ಚಿಕ್ಕೀರಪ್ಪನ ಮಗಳು, ಚೆಲುವಿಗಿಂತ ಒಂದು ವರ್ಷ ಚಿಕ್ಕವಳು, ಕಡ್ಡಿಯಂಥ ಹುಡುಗಿ. ಎರಡೂ ಮನೆಗೆ ಒಂದೇ ಅಂಗಳ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಪದ್ದಿ ಶಾಲೆಗೆ ಸೇರಿದ ಮೇಲೆ ಚೆಲುವಿ ಬೆಳಗಿನ ಹೊತ್ತು ಬಾಗಿಲ ಕಡೆ ಮುಖ ಮಾಡಿ ಕೂರುವುದನ್ನು ನಾನು ನೋಡಿದ್ದೆ. ಗಾಳಿಗೆ ಕೂರುತ್ತಾಳೆ ಅಂದುಕೊಂಡಿದ್ದೆ. ಶಾಲೆಗೆ ಮಕ್ಕಳನ್ನು ಸೇರಿಸಿಕೊಳ್ಳುವುದು ಮುಂದಿನ ಸೋಮವಾರಕ್ಕೆ ಮುಗಿಯುತ್ತಿತ್ತು. ಶಾಸ್ತ್ರವಾಗದ ಮಗುವಿಗೆ ಅಲ್ಲಿ ಜಾಗವಿಲ್ಲ. ಈ ವರ್ಷ ತಪ್ಪಿದರೆ ಮುಗಿಯಿತು, ಹತ್ತು ತುಂಬಿದವರನ್ನು ಹೊಸದಾಗಿ ಸೇರಿಸುವುದಿಲ್ಲ.

ಮಾರನೇ ದಿನದ ಟ್ರೈನಿಂಗಿನಲ್ಲಿ ಇದೇ ಜಗಳ. ಮೇಡಂ ಬೋರ್ಡಿನ ಮುಂದೆ ನಿಂತು, ಚೆಲುವಿಗೆ ಈ ವರ್ಷದ ಗುರಿ ಏನು ಇಟ್ಟಿದ್ದೀರಿ ಎಂದು ಕೇಳಿದರು. ಆಸರೆಯಿಲ್ಲದೆ ಹತ್ತು ನಿಮಿಷ ಕೂರುವುದು ಅಂದೆ. ತುಟಿ ಮುಚ್ಚಿ ನುಂಗುವುದು ಅಂದಳು ಷಹನಾಜ್. ಹಿಮ್ಮಡಿ ನೆಲಕ್ಕೆ ತಾಗಿಸುವುದು ಅಂದ ಫ್ರಾನ್ಸಿಸ್. "ಅವಳ ಗುರಿ?" ಎಂದರು ಮೇಡಂ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರೆ, ನಾವು ಮೂವರೂ ಮೂರು ಕಡೆ ಎಳೆಯುತ್ತಿದ್ದೆವು, ಗಾಡಿಯಲ್ಲಿ ಕೂತವಳನ್ನು ಎಲ್ಲಿಗೆ ಹೋಗಬೇಕು ಎಂದು ಯಾರೂ ಕೇಳಿರಲಿಲ್ಲ.

"ಈಗ ಎಲ್ಲಾ ಕಡೆ ಇದನ್ನೇ ಹೇಳ್ತಿರೋದು. ಮಗು ಎಲ್ಲಿ ಬದುಕಬೇಕೋ ಅಲ್ಲೇ ಕಲೀಬೇಕು, ತನಗೆ ಬೇಕಾದ್ದನ್ನ ತಾನೇ ಮಾಡಿ ಕಲೀಬೇಕು" ಎಂದರು. "ನಿಮ್ಮ ಕೋಣೆ ತುಂಬ ಚೆನ್ನಾಗಿದೆ ನೀಲಾಂಬಿಕೆ. ಆದ್ರೆ ಅವಳ ಸ್ಕೂಲು ಈ ಕೋಣೆಯೊಳಗಿಲ್ಲ."

ಮೈ ಉರಿದು ಹೋಯಿತು. ಬಸ್ಸಿಳಿದು ನೆಟ್ಟಗೆ ನಿಲ್ಲಲು ಬಾರದ ಈಕೆ ನನ್ನ ಕೋಣೆಯ ವಿಚಾರ ಮಾತಾಡುವುದೇ? "ಮೇಡಂ, ನಡೆಯದ ಮಕ್ಕಳ ಮೂಳೆ ಒಣಕಡ್ಡಿ ಇದ್ದಂಗೆ. ಲಟಕ್ ಅಂದ್ರೆ ಯಾರು ಹೊಣೆ? ನೀವು ಬಸ್ ಹತ್ತಿ ಹೋಗ್ತೀರಿ, ಆ ಮಗೂನ ಎತ್ಕೊಂಡು ಓಡಾಡೋಳು ನಾನು" ಎಂದೆ. "ಸರಿಯಾದ ಮಾತು" ಎಂದರು ಅವರು, ಕೋಪವೇ ಇಲ್ಲದೆ. ಅಂದೇ ಎಕ್ಸ್-ರೇ ಮಾಡಿಸಿದರು. ಸೊಂಟದ ಕೀಲು ಸರಿಯಿತ್ತು. ದಿನಾ ನಿಲ್ಲಿಸಿ ಅಭ್ಯಾಸ ಮಾಡಿಸಿದ್ದಕ್ಕೆ ಮೂಳೆಗಳೂ ಗಟ್ಟಿಯಾಗಿವೆ, ನಿಮ್ಮ ಕೋಣೆಯ ಪುಣ್ಯ ಎಂದು ಮೇಡಂ ನನಗೇ ತೋರಿಸಿದರು. ಹೊಗಳಿ ಬಾಯಿ ಮುಚ್ಚಿಸುವುದು ಅಂದರೆ ಇದು.

ಹಾಗಾಗಿ ಉಳಿದ ಟ್ರೈನಿಂಗ್ ಪೂರ್ತಿ ಚೆಲುವಿಯದೇ ಆಯಿತು. ಫ್ರಾನ್ಸಿಸ್ ಮೊಣಕೈ ಮಂಡಿಗಳಿಗೆ ಹತ್ತಿಯ ಕವಚ ಹೊಲಿದ, ತಲೆಗೆ ಮೆತ್ತನೆಯ ಟೋಪಿ ಮಾಡಿದ. ದಪ್ಪ ಚಾಪೆಯ ಮೇಲೆ ಅವಳನ್ನು ಎತ್ತಿ ನಿಲ್ಲಿಸಿ, ಮೇಡಂಗೆ ಕಲಿಸಿದ ಹಾಗೇ ಕಲಿಸಿದೆವು. ಮಂಡಿ ಮಡಚು, ಗದ್ದ ಒತ್ತು, ಸುರುಳಿಯಾಗು. ನಾನು ಕೈ ಬಿಟ್ಟ ಕ್ಷಣಕ್ಕೆ ಅವಳ ಮೈ ಸೆಟೆಯಿತು. ಕಾಲು ಕತ್ತರಿಯಾಯಿತು, ಕತ್ತು ಹಿಂದಕ್ಕೆ ಹೋಯಿತು, ಒನಕೆ ಉರುಳಿದ ಹಾಗೆ ದಡಾರನೆ ಬಿದ್ದಳು. ತುಟಿ ಹಲ್ಲಿಗೆ ಸಿಕ್ಕಿ ರಕ್ತ ಬಂತು. ಚಿಕ್ಕೀರಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಶಾಸ್ತ್ರ ಮಾಡಬೇಕಾದವನು ಅವನೇ, ಅಕ್ಕನ ಮಗಳೆಂದರೆ ಜೀವ. "ಬ್ಯಾಡ ಕಣ್ ನೀಲಕ್ಕ. ನನ್ ಕೈಲಾಗಕಿಲ್ಲ. ಸ್ಕೂಲೂ ಬ್ಯಾಡ, ಶಾಸ್ತ್ರಾನೂ ಬ್ಯಾಡ" ಎಂದು ಹೆಗಲ ಮೇಲಿನ ಟವೆಲಿನಲ್ಲಿ ಮುಖ ಒರೆಸಿಕೊಂಡ. ಚೆಲುವಿ ರಕ್ತ ಉಗುಳಿ "ಇ... ನ್ನೊಂ..." ಎನ್ನುತ್ತಿದ್ದಳು. ನಾನು ಅವಳನ್ನು ಎತ್ತಿ ಕುರ್ಚಿಗೆ ಪಟ್ಟಿ ಕಟ್ಟಿದೆ. "ಮುಗೀತು" ಎಂದೆ. ಅವಳು ನನ್ನತ್ತ ನೋಡಲೇ ಇಲ್ಲ. ಆ ಮಗು ನನ್ನ ಮೇಲೆ ಮುನಿಸಿಕೊಂಡದ್ದು ಅದೇ ಮೊದಲು, ನನಗೆ ರಾತ್ರಿ ಊಟ ಸೇರಲಿಲ್ಲ.

ಮರುದಿನದ ಪಾಠ ಮನೆಭೇಟಿ. ಚೆಲುವಿಯ ಮನೆಗೆ ಹೋಗೋಣ ಎಂದರು ಮೇಡಂ. ಅದು ಕೇಂದ್ರದಿಂದ ಎರಡೇ ಬೀದಿ ದೂರ, ಆದರೂ ನಾನು ಅಲ್ಲಿಗೆ ಹೋಗಿ ವರ್ಷಗಳಾಗಿದ್ದವು. ಅವಳೇ ನಮ್ಮಲ್ಲಿಗೆ ಬರುವಾಗ ನಾವ್ಯಾಕೆ ಹೋಗಬೇಕು? ಅವಳ ತಾಯಿ ಸಾಕಮ್ಮ ಒಲೆಯ ಮುಂದೆ ಕೂತು ಮುದ್ದೆಗೆ ಹಿಟ್ಟು ತೊಳಸುತ್ತಿದ್ದಳು. ಚೆಲುವಿ ತಗ್ಗಿನ ಮಂಚದ ಮೇಲೆ ಕೂತಿದ್ದಳು, ಪಟ್ಟಿಯಿಲ್ಲ. ಪದ್ದಿ ನೆಲದ ಮೇಲೆ ಕವಡೆ ಹರಡಿಕೊಂಡಿದ್ದಳು. ನಾವು ಬಾಗಿಲಲ್ಲಿ ಚಪ್ಪಲಿ ಬಿಡುವುದರೊಳಗೆ ಚೆಲುವಿ "ಊ" ಎಂದು ಉದ್ದಕ್ಕೆ ದನಿ ತೆಗೆದು, ಕತ್ತನ್ನು ಎಡಕ್ಕೆ ಹೊರಳಿಸಿ, ಮಂಚದಿಂದ ಕೆಳಗೆ ಬಿದ್ದಳು.

ನಾನು "ಅಯ್ಯೋ" ಎಂದು ಮುನ್ನುಗ್ಗಿದೆ. ಮನೆಯಲ್ಲಿ ಬೇರೆ ಯಾರೂ ಕದಲಲಿಲ್ಲ. ಚೆಲುವಿ ಎಡಗೈ ಚಾಚಿ, ಭುಜದ ಮೇಲೆ ಉರುಳಿ, ಪದ್ದಿಯ ಪಕ್ಕಕ್ಕೆ ಹೋಗಿ ನಿಂತಿದ್ದಳು. ನಿಂತಿದ್ದಳು ಅಂದರೆ ಉರುಳುವುದನ್ನು ನಿಲ್ಲಿಸಿದ್ದಳು. ಪದ್ದಿ ಅವಳ ಬೆನ್ನಿಗೆ ತನ್ನ ಮಂಡಿ ಕೊಟ್ಟು, ಕವಡೆಯನ್ನು ಅವಳ ಅಂಗೈಗೆ ಹಾಕಿ, "ನಿಂದೇ ಆಟ" ಎಂದಳು.

ಸಾಕಮ್ಮ ಹಿಟ್ಟಿನ ಕೋಲು ಹಿಡಿದು ಎದ್ದು ನಿಂತಳು, ಕದ್ದು ಸಿಕ್ಕಿಬಿದ್ದವಳ ಮುಖ. "ಬಯ್ಯಬ್ಯಾಡಿ ನೀಲಕ್ಕ."

"ದಿನಾ ಹಿಂಗೇನಾ?"

"ದಿನಕ್ಕೆ ನಾಕಾರು ಸಲ. ಚಿಕ್ಕೋಳಿಂದ್ಲೂ. ನೆಲಕ್ಕೆ ಬಿಡು ಅಂತ ಕೂಗ್ತಾಳೆ, ನಾನು ಒಲೆ ಮುಂದೆ ಇರ್ತೀನಿ, ಅವಳೇ ಇಳ್ಕೊತಾಳೆ. ನಿಮ್ಗೆ ಹೇಳಿದ್ರೆ ಪಟ್ಟಿ ಕಟ್ಟಿಲ್ವಾ, ಮಗು ಅಂದ್ರೆ ಉದಾಸೀನ್ವಾ ಅಂತ ಬೈತಿದ್ರಿ. ಅದ್ಕೇ ಸುಮ್ಕಿದ್ದೆ."

ಬಯ್ಯುತ್ತಿದ್ದೆ, ನಿಜ. ಎಷ್ಟೋ ತಾಯಂದಿರನ್ನು ಬೈದಿದ್ದೇನೆ. ಇನ್ನೂ ಯಾವ್ಯಾವ ಮನೆಯವರು ಏನೇನು ಬಚ್ಚಿಟ್ಟುಕೊಂಡಿದ್ದಾರೋ ಎಂದು ಯೋಚನೆ ಹತ್ತಿತು.

ಮೇಡಂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, "ಇನ್ನೊಂದು ಸಲ ತೋರಿಸ್ತೀಯಾ ಚೆಲುವಿ?" ಎಂದು ಕೇಳಿದರು. ಪದ್ದಿ ಮತ್ತು ಸಾಕಮ್ಮ ಅವಳನ್ನು ಮಂಚಕ್ಕೆ ಏರಿಸಿದರು. ಮತ್ತೆ "ಊ", ಮತ್ತೆ ಕತ್ತು ಎಡಕ್ಕೆ. ಆಗ ನನಗೆ ಕಂಡಿತು. ಕತ್ತು ಎಡಕ್ಕೆ ತಿರುಗಿದರೆ ಅವಳ ಎಡಗೈ ತಾನಾಗಿ ನೆಟ್ಟಗೆ ಚಾಚುತ್ತದೆ. ಎಳೆಗೂಸುಗಳಲ್ಲಿ ಎಲ್ಲರಿಗೂ ಇರುವ, ಆಮೇಲೆ ಹೋಗಬೇಕಾದ, ಈ ಮಕ್ಕಳಲ್ಲಿ ಮಾತ್ರ ಹೋಗದೆ ಉಳಿಯುವ ಚಾಳಿ ಅದು. ಅದನ್ನು ಅಳಿಸಬೇಕೆಂದು ನಾನು ವರ್ಷಗಟ್ಟಲೆ ಅವಳ ಕತ್ತನ್ನು ಎರಡೂ ಕೈಯಲ್ಲಿ ಹಿಡಿದು ನಡುವೆ ನಿಲ್ಲಿಸಿದ್ದೆ. ಅವಳು ಮನೆಗೆ ಬಂದು ಅದೇ ಚಾಳಿಯನ್ನು ಹಿಡಿದುಕೊಂಡು, ಚಾಚಿದ ಕೈಯನ್ನು ಊರುಗೋಲು ಮಾಡಿಕೊಂಡು ಬೀಳುತ್ತಿದ್ದಳು. ಆ "ಊ" ಕೂಡ ಸುಮ್ಮನೆ ಅಲ್ಲ, ಉಸಿರು ಉದ್ದಕ್ಕೆ ಹೊರಗೆ ಹೋಗುವಾಗ ಮೈಯ ಬಿಗಿ ಸಡಿಲುತ್ತದೆ ಎಂದು ಷಹನಾಜ್ ನನ್ನ ತೋಳು ಹಿಡಿದು ಹೇಳಿದಳು. ಬೀಳುವುದರಲ್ಲಿ ನಿಸ್ಸೀಮರೆಂದು ಮೆರೆಯುವ ಊರಿನವರು ನಾವು, ನಮ್ಮ ಮೈಯ ಬೀಳುವಿಕೆಯನ್ನು ಅವಳ ಮೈಗೆ ತೊಡಿಸಹೋಗಿ ತುಟಿ ಒಡೆದಿದ್ದೆವು.

"ಇದನ್ನ ನಾನು ಯಾವ ಪುಸ್ತಕದಲ್ಲೂ ಓದಿಲ್ಲ" ಎಂದರು ಮೇಡಂ. "ಬನ್ನಿ, ಕಲಿಯೋಣ."

ಅಂಗಳದಲ್ಲಿ ಅಭ್ಯಾಸ ಶುರುವಾಯಿತು. ಮಂಚದಿಂದ ಬೀಳುವುದಕ್ಕೂ ನಿಂತಲ್ಲಿಂದ ಬೀಳುವುದಕ್ಕೂ ವ್ಯತ್ಯಾಸವಿದೆ, ಎತ್ತರ ಹೆಚ್ಚು. ಮೊದಲು ಮಂಡಿಯೂರಿ, ಆಮೇಲೆ ವಾಕರ್ ಹಿಡಿದು, ಕಡೆಗೆ, ಅವಳ ಹಟಕ್ಕೆ ಒಪ್ಪಿಬಂದ ಚಿಕ್ಕೀರಪ್ಪನ ಕೈ ಹಿಡಿದು. ಅವನು ಮೊದಮೊದಲು ಕೈ ಬಿಡುತ್ತಲೇ ಇರಲಿಲ್ಲ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಚೆಲುವಿ "ಮಾ... ವ, ಬಿ... ಡು" ಎಂದು ಗದರಿದ ಮೇಲೆ ಬಿಡತೊಡಗಿದ. ಫ್ರಾನ್ಸಿಸ್ ಎಡ ಮೊಣಕೈಯ ಕವಚವನ್ನು ಬಿಚ್ಚಿ ಬೇರೆ ರೀತಿ ಹೊಲಿದ, ಕೈ ಚಾಚಲು ಅಡ್ಡಿಯಾಗುತ್ತಿತ್ತಂತೆ. ಒಂದೇ ತೊಡಕು. ಅವಳು ಎಡಕ್ಕಷ್ಟೇ ಬೀಳಬಲ್ಲಳು, ಶಾಸ್ತ್ರದಲ್ಲಿ ವಾಲಿಗೆ ಮುಖ ಮಾಡಿ ನಿಲ್ಲಬೇಕು. ಮುಖ ಮಾಡಿ ನಿಂತರೆ ಮುಂದಕ್ಕೆ ಬೀಳುತ್ತಾಳೆ, ಮುಂದಕ್ಕೆ ಬಿದ್ದರೆ ಮತ್ತೆ ಒನಕೆಯೇ. ಹಿರಿಯರ ಮುಂದೆ ಈ ಮಾತು ಇಟ್ಟಾಗ ಅವರು ತಲೆ ಕೆರೆದುಕೊಂಡರು. ಇದುವರೆಗೂ ಹಾಗೆ ನಡೆದಿಲ್ಲವಲ್ಲ ಎಂದರು. ಟವೆಲಿನಲ್ಲಿ ಮುಖ ಒರೆಸಿಕೊಂಡು ಹೋಗಿದ್ದ ಚಿಕ್ಕೀರಪ್ಪನೇ ಆಗ ಎದ್ದು, "ಸೋದರಮಾವ ನಾನು. ನಾನು ನಿಲ್ಸಿದ್ದೇ ದಿಕ್ಕು. ಎಡಗಡೆ ವಾಲು ಇಟ್ಟು ನಿಲ್ಲಿಸ್ತೀನಿ, ಬೇಡ ಅನ್ನೋರು ಅನ್ಲಿ" ಎಂದ. ಯಾರೂ ಅನ್ನಲಿಲ್ಲ.

ಭಾನುವಾರ ಬೆಳಗ್ಗೆ ನೆಲ ಪಡುವಲಿಗೆ ವಾಲಿತ್ತು, ಮಾಮೂಲಿಗಿಂತ ಒಂದಿಷ್ಟು ಹೆಚ್ಚೇ. ಮುಂದೂಡೋಣ ಎಂದು ಮೂರು ಸಲ ಹೇಳಿದೆ, ನಾಲ್ಕನೇ ಸಲ ಹೇಳಹೊರಟಾಗ ಷಹನಾಜ್ ನನ್ನ ಬಾಯಿ ಮುಚ್ಚಿದಳು. ಒಂಬತ್ತು ವರ್ಷದ ಮಗುವಿಗೆ ಶಾಸ್ತ್ರ, ಅದೂ ಕೇಂದ್ರದ ಮಗುವಿಗೆ ಎಂದು ಬೀದಿ ತುಂಬ ಜನ. ಶಾಲೆಯ ಮೇಷ್ಟ್ರೂ ಬಂದಿದ್ದರು. ನಮ್ಮ ಕೇಂದ್ರದ ಬೇರೆ ಮಕ್ಕಳ ತಾಯಂದಿರು ಮಕ್ಕಳನ್ನು ಸೊಂಟದ ಮೇಲೆ ಹೊತ್ತು ಒಂದು ಕಡೆ ಗುಂಪಾಗಿ ನಿಂತಿದ್ದರು. ಮಂದಾಕಿನಿ ಮೇಡಂ ಒಂದು ಕಂಬ ತಬ್ಬಿಕೊಂಡು ನಿಂತಿದ್ದರು. ಸಾಕಮ್ಮ ಬೆಲ್ಲದ ಬಟ್ಟಲು ಹಿಡಿದಿದ್ದಳು.

ಚಿಕ್ಕೀರಪ್ಪ ಅಕ್ಕನ ಮಗಳನ್ನು ಬೀದಿಯ ನಡುವೆ ನಿಲ್ಲಿಸಿದ. ಅವಳು ಅವನ ಮುಖ ನೋಡಿ, ಬಿಡು ಎನ್ನುವ ಹಾಗೆ ಗದ್ದ ಆಡಿಸಿದಳು. ಅವನು ಕೈ ಬಿಟ್ಟ.

"ಊ" ಎಂದು ಅವಳ ದನಿ ಮಾತ್ರ ಕೇಳಿಸಿತು. ಕತ್ತು ಹೊರಳಿತು, ಎಡಗೈ ಚಾಚಿತು, ಬಿದ್ದಳು. ಭುಜದ ಮೇಲೆ ಉರುಳಿದಳು. ಅಂಗಳದಲ್ಲಿ ಒಂದು ಸುತ್ತಿಗೆ ನಿಲ್ಲುತ್ತಿದ್ದವಳು ಈ ವಾಲಿನಲ್ಲಿ ಇನ್ನೊಂದು ಸುತ್ತು ಉರುಳಿ, ಮಣ್ಣಿನಲ್ಲಿ ಅರ್ಧ ಮುಖ ಹೂತು ನಿಂತಳು. ಟೋಪಿ ಜಾರಿ ಕಣ್ಣು ಮುಚ್ಚಿತ್ತು.

ಈಗ ಅವಳು ಕೇಳಬೇಕು. ಕಾದೆವು. ಉಳಿದ ಮಕ್ಕಳು ಬಿದ್ದ ಮರುಕ್ಷಣ "ಎಬ್ಸೀ" ಎಂದು ಕಿರುಚುತ್ತವೆ. ಇವಳು ಮಾತಾಡಲಿಲ್ಲ. ಬೆನ್ನು ಏರಿಳಿಯುತ್ತಿತ್ತು, ಅಷ್ಟೇ. ಪದ ಹುಡುಕುತ್ತಿದ್ದಾಳೋ, ಕೈ ಮುರಿದಿದೆಯೋ, ಬಾಯಿಗೆ ಮಣ್ಣು ಹೋಗಿ ಉಸಿರು ಕಟ್ಟಿದೆಯೋ? ಹಿರಿಯರೊಬ್ಬರು ಕೆಮ್ಮಿದರು. ಹೆತ್ತ ಸಾಕಮ್ಮನೇ ಕದಲದೆ ನಿಂತಿದ್ದರೂ ನನಗೆ ತಡೆಯಲಾಗಲಿಲ್ಲ. ಬೀಳುವ ಮೊದಲೇ ಹಿಡಿಯುತ್ತಿದ್ದವಳು ನಾನು, ಬಿದ್ದ ಮೇಲೂ ಹಿಡಿಯದೆ ಎಷ್ಟು ಹೊತ್ತು ಅಂತ ಇರಲಿ? ಊರಿನ ನೇಮ, ಮೇಡಂನ ಟ್ರೈನಿಂಗು ಎರಡೂ ಮರೆತು ಓಡಿದೆ. ಪಕ್ಕದಲ್ಲಿ ಮಂಡಿಯೂರಿ ಅವಳ ಕಂಕುಳಿನ ಹತ್ತಿರ ಎರಡೂ ಕೈ ತಂದೆ. ಮುಟ್ಟಿರಲಿಲ್ಲ, ಒಂದು ಬೆರಳಿನಷ್ಟು ದೂರವಿತ್ತು.

ಚೆಲುವಿ ಟೋಪಿಯ ಅಂಚಿನಿಂದ ಒಂದು ಕಣ್ಣು ತೆರೆದು ಆ ಕೈಗಳನ್ನು ನೋಡಿದಳು. ಅವು ಯಾರ ಕೈ ಎಂದು ಅವಳಿಗೆ ಮುಖ ನೋಡದೆಯೇ ಗೊತ್ತು.

"ಬೇಡ" ಎಂದಳು. ತಡವರಿಸಲಿಲ್ಲ, ಒಂದೇ ಪದ, ಒಂದೇ ಉಸಿರು.

ನನ್ನ ಕೈಗಳು ಅಲ್ಲೇ ನಿಂತವು. ಇಡೀ ಊರಿನ ಮುಂದೆ ಕೆನ್ನೆಗೆ ಬಿದ್ದ ಹಾಗಾಯಿತು. ಜೊತೆಗೇ, ಯಾಕೆಂದು ಕೇಳಬೇಡಿ, ಕಣ್ಣು ತುಂಬಿ ಬಂತು.

ಅವಳು ಆತುರಪಡಲಿಲ್ಲ. ಉಸಿರು ಎಳೆದುಕೊಂಡಳು, ಬಾಯಿಯ ಮಣ್ಣು ಉಗುಳಿದಳು, ಕತ್ತನ್ನು ಒದ್ದಾಡಿ ಈ ಕಡೆಗೆ ತಂದಳು. ಬೀದಿಯ ಜನ ಕಾಯುತ್ತಿದ್ದರು. ಅವಳ ಮಾತನ್ನು ಊಹಿಸಿ ಹೇಳಲು ಅವತ್ತು ಒಬ್ಬರೂ ಬಾಯಿ ಹಾಕಲಿಲ್ಲ. "ಪ... ದ್ದೀ" ಎಂದಳು. "ಎ... ಬ್ಸೇ."

ಪದ್ದಿ ಗುಂಪಿನಿಂದ ಓಡಿ ಬಂದಳು. ತನಗಿಂತ ಭಾರದ ಹುಡುಗಿಯನ್ನು ಎಲ್ಲಿ ಹಿಡಿಯಬೇಕೆಂದು ತೋಚದೆ ನನ್ನ ಮುಖ ನೋಡಿದಳು. ಹೇಳಿಕೊಡಲು ನನ್ನ ಬಾಯಿ ತಾನಾಗಿ ತೆರೆದಿತ್ತು. ನಾನು ಹೇಳುವ ಮೊದಲೇ ನೆಲದಿಂದ ಮಾತು ಬಂತು. "ಅವ್ರ... ನ್ನ ಅಲ್ಲ. ನ... ನ್ನ ಕೇಳು."

"ಹೇಳು ಮತ್ತೆ" ಎಂದಳು ಪದ್ದಿ.

"ಬೆ... ನ್ನಿಗೆ ಮಂ... ಡಿ ಕೊಡು."

ಪದ್ದಿ ಹಿಂದೆ ಹೋಗಿ ಮಂಡಿ ಕೊಟ್ಟಳು. ಆಮೇಲೆ ಯಾವ ಕೈ, ಎಷ್ಟು ಮೆಲ್ಲಗೆ, ಎಲ್ಲಿ ನಿಲ್ಲಿಸಿ ಉಸಿರು ಬಿಡಬೇಕು ಎಂದು ಚೆಲುವಿ ಒಂದೊಂದಾಗಿ ಹೇಳುತ್ತಾ ಹೋದಳು. ಒಂದು ಸಲ ಇಬ್ಬರೂ ಜಾರಿ ಮತ್ತೆ ಉರುಳಿದರು, ಬೀದಿಯೆಲ್ಲ ನಕ್ಕಿತು, ಅವರಿಬ್ಬರೂ ನಕ್ಕರು. ನಾನು ಚಾಚಿದ ಕೈಗಳನ್ನು ಮಡಿಲಿಗೆ ಎಳೆದುಕೊಂಡು ಅವರ ಪಕ್ಕದಲ್ಲೇ ಮಣ್ಣಿನಲ್ಲಿ ಕೂತೆ. ಕಂಬ ಬಿಟ್ಟು ಹೇಗೋ ಬಂದ ಮಂದಾಕಿನಿ ಮೇಡಂ ನನ್ನ ಪಕ್ಕಕ್ಕೆ ದೊಪ್ಪನೆ ಬಿದ್ದರು. ಎಬ್ಬಿಸಿ ಎಂದು ಅವರು ಕೇಳಲಿಲ್ಲ, ನಾನೂ ಕೈ ಕೊಡಲಿಲ್ಲ. ಇಬ್ಬರೂ ಕೂತು, ಆ ಮಗು ಹೇಗೆ ಏಳುತ್ತದೆ ಎಂದು ನೋಡಿ ಕಲಿಯುತ್ತಿದ್ದೆವು.